ಹಳೆ ಗ್ಯಾಸ್ ಒಲೆ: ರಿಪೇರಿ ಮಾಡೋಣವೋ, ಹೊಸದು ತರೋಣವೋ?

ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಗ್ಯಾಸ್ ಒಲೆಗೆ ಕೆಲಸ ಜಾಸ್ತಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ದಪ್ಪ ಕಬ್ಬಿಣದ ಹಂಚು ದಿನಾ ಅರ್ಧ ಮುಕ್ಕಾಲು ತಾಸು ದೊಡ್ಡ ಉರಿಯ ಮೇಲೆ ಕೂತಿರುತ್ತದೆ. ರೊಟ್ಟಿಗೆ ಅಂಟಿದ ಒಣಹಿಟ್ಟು ಉದುರಿ ಬರ್ನರಿನ ತೂತುಗಳಿಗೆ ಇಳಿಯುತ್ತದೆ. ರೊಟ್ಟಿಯ ಮೇಲೆ ಅರಿವೆಯಿಂದ ನೀರು ಸವರುವಾಗ ಹನಿ ಕೆಳಗೆ ಬೀಳುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಒಣಗಿದ ಮೇಲೆ ಉಪ್ಪು ಅಲ್ಲೇ ಉಳಿಯುತ್ತದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಉರಿ ಹಳದಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿದು, "ಒಲೆ ಕೆಟ್ಟಿತು, ಹೊಸದು ತರೋಣ" ಎನ್ನುವ ಮಾತು ಶುರುವಾಗುತ್ತದೆ.

ಬಹಳಷ್ಟು ಸಲ ಒಲೆ ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತದೆ. ಹಿತ್ತಾಳೆ ಬರ್ನರ್ ಇರುವ ದಪ್ಪ ಸ್ಟೀಲಿನ ಹಳೆ ಒಲೆಯನ್ನು ಸುಮ್ಮನೆ ಗುಜರಿಗೆ ಹಾಕಬೇಡಿ. ಆದರೆ ಕೆಲವು ಒಲೆಗಳನ್ನು ಎಷ್ಟೇ ಕಡಿಮೆ ಖರ್ಚಾದರೂ ರಿಪೇರಿ ಮಾಡಿಸಬಾರದು. ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟದ ಕೆಲಸವಲ್ಲ.

ಒಲೆ ಮಗುಚಿ ನೋಡಿ

ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಆರುವವರೆಗೆ ಒಂದು ಬರ್ನರ್ ಹಚ್ಚಿಡಿ. ಆಮೇಲೆ ರೆಗ್ಯುಲೇಟರನ್ನು ಸಿಲಿಂಡರಿನಿಂದ ಬಿಚ್ಚಿ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಒಲೆ ಪೂರ್ತಿ ತಣ್ಣಗಾದ ಮೇಲೆ ಪೈಪು ಕಿತ್ತು, ಹಳೆ ಪೇಪರ್ ಹಾಸಿ ಮಗುಚಿ ಹಾಕಿ.

ಒಲೆಯಲ್ಲಿ ಎರಡು ಬಗೆಯ ಭಾಗಗಳಿವೆ. ಬರ್ನರ್, ಪಾತ್ರೆ ಇಡುವ ಸ್ಟ್ಯಾಂಡ್, ಚೆಲ್ಲಿದ್ದು ಬೀಳುವ ತಟ್ಟೆ ಇವೆಲ್ಲ ಉರಿ ತಾಳುವ ಭಾಗಗಳು. ಇವು ಹಾಳಾದರೆ ಚಿಂತೆಯಿಲ್ಲ, ಬಿಡಿಯಾಗಿ ಸಿಗುತ್ತವೆ. ಮುಂಭಾಗದ ಒಳಗೆ ಅಡ್ಡಲಾಗಿ ಓಡುವ ಮುಖ್ಯ ಪೈಪು, ಅದಕ್ಕೆ ಕೂತ, ನಾಬ್ ತಿರುಗಿಸಿದಾಗ ಗ್ಯಾಸ್ ಬಿಡುವ ಕಾಕ್‌ಗಳು, ರಬ್ಬರ್ ಪೈಪು ಸಿಕ್ಕಿಸುವ ಮೂತಿ ಇವು ಗ್ಯಾಸ್ ಹೊರುವ ಭಾಗಗಳು. ತೀರ್ಮಾನ ಆಗಬೇಕಾದ್ದು ಇವುಗಳ ಮೇಲೆ, ಮೇಲಿನ ಹೊಳಪಿನ ಮೇಲಲ್ಲ.

ಮುಖ್ಯ ಪೈಪನ್ನು ಒಣ ಬಟ್ಟೆಯಿಂದ ಉಜ್ಜಿ. ಮೇಲುಮೇಲೆ ಕಂದು ಬಣ್ಣ ಬಂದಿದ್ದರೆ ತೊಂದರೆಯಿಲ್ಲ. ತುಕ್ಕು ಪದರುಪದರಾಗಿ ಏಳುತ್ತಿದ್ದರೆ, ಹಿಂದೆ ಯಾರೋ ಎಂ-ಸೀಲ್ ಮೆತ್ತಿದ್ದರೆ ಅಥವಾ ವೆಲ್ಡಿಂಗ್ ಮಾಡಿಸಿದ್ದರೆ ಆ ಒಲೆಯ ಕಥೆ ಮುಗಿಯಿತು. ಮೆತ್ತಿದ ಎಂ-ಸೀಲ್ ಒಲೆಯ ಬಿಸಿಗೆ ಇಂದಲ್ಲ ನಾಳೆ ಬಿರಿಯುತ್ತದೆ. ಕಾಲು ಸವೆದು, ತಳದ ತಗಡು ತೂತುಬಿದ್ದು, ಹಂಚು ಇಟ್ಟಾಗ ಒಲೆ ಅಲ್ಲಾಡುತ್ತಿದ್ದರೂ ಹೊಸದೇ ಸರಿ. ಐಎಸ್‌ಐ ಗುರುತೇ ಇಲ್ಲದ ಒಲೆಗೆ ಒಂದು ರೂಪಾಯಿ ಕೂಡ ಹಾಕಬೇಡಿ. ಉಳಿದ ಒಲೆಗಳಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ: ಬಿಡಿಭಾಗ, ಕೂಲಿ ಸೇರಿ ಅದೇ ದರ್ಜೆಯ ಹೊಸ ಒಲೆಯ ಬೆಲೆಯ ಮೂರನೇ ಒಂದು ಭಾಗ ದಾಟದಿದ್ದರೆ ರಿಪೇರಿ ಲಾಭ.

ಮಗುಚುವ ಮುಂಚಿನ ದಿನವೇ ಇನ್ನೊಂದು ಪರೀಕ್ಷೆ ಮಾಡಿಡಿ. ಅಗಲ ತಳದ ಪಾತ್ರೆಯಲ್ಲಿ 1 ಲೀಟರ್ ನೀರು ಹಾಕಿ, ಮುಚ್ಚಳ ಮುಚ್ಚಿ, ದೊಡ್ಡ ಬರ್ನರನ್ನು ಪೂರ್ತಿ ತೆರೆದು ಇಡಿ. ಸರಿಯಾಗಿರುವ ಬರ್ನರ್ ಸುಮಾರು 4ರಿಂದ 5 ನಿಮಿಷಕ್ಕೆ ಕುದಿ ತರಿಸುತ್ತದೆ. 7 ನಿಮಿಷ ದಾಟಿದರೆ ಎಲ್ಲೋ ಕಟ್ಟಿದೆ ಎಂದೇ ಅರ್ಥ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ರಿಪೇರಿ ಆದ ಮೇಲೆ ಹೋಲಿಸಲು ಬೇಕಾಗುತ್ತದೆ.

ಬರ್ನರ್

ಮೊದಲು ಬರ್ನರ್ ಯಾವ ಲೋಹದ್ದು ಎಂದು ತಿಳಿದುಕೊಳ್ಳಿ, ತೊಳೆಯುವ ವಿಧಾನ ಅದರ ಮೇಲೆ ನಿಂತಿದೆ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಹಿತ್ತಾಳೆ ಬಣ್ಣ ಬಳಿದ ಕಬ್ಬಿಣಕ್ಕೆ ಅಂಟುತ್ತದೆ.

ಹಿತ್ತಾಳೆ ಬರ್ನರಿಗೆ ಹುಣಸೆಯೇ ಸಾಕು. ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು 1 ಲೀಟರ್ ನೀರಿನಲ್ಲಿ ಕಿವುಚಿ, ಒಂದು ಚಮಚ ಉಪ್ಪು ಹಾಕಿ, ಬರ್ನರ್ ಮುಳುಗಿಸಿ 10 ನಿಮಿಷ ಕುದಿಸಿ, ಅದೇ ನೀರಿನಲ್ಲಿ ಅರ್ಧ ತಾಸು ಬಿಡಿ. ಸುಟ್ಟ ಹಿಟ್ಟು, ಉಕ್ಕಿದ ಹಾಲು, ಸಾರಿನ ಜಿಡ್ಡು ಮೆತ್ತಗಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಉಪ್ಪು ಉಳಿಯದಂತೆ ಎರಡು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ. ಅಲ್ಯೂಮಿನಿಯಂ ಭಾಗಗಳಿಗೆ ಹುಣಸೆ, ಸೋಡಾ ಎರಡೂ ಬೇಡ, ಕಪ್ಪಾಗಿ ಸವೆಯುತ್ತವೆ. ಅವಕ್ಕೆ ಬಿಸಿನೀರು, ಪಾತ್ರೆ ಸೋಪು ಸಾಕು. ಕಬ್ಬಿಣದ ಬರ್ನರನ್ನು ನೆನೆಹಾಕದೆ ಒಣ ಬ್ರಷ್ಷಿನಿಂದ ತಿಕ್ಕುವುದೇ ಮೇಲು. ತಂತಿ ಉಜ್ಜುಗವನ್ನು ಯಾವುದಕ್ಕೂ ಬಳಸಬೇಡಿ. ಅದರ ಎಳೆ ಮುರಿದು ತೂತಿನಲ್ಲಿ ಕೂತು ಅಲ್ಲೇ ತುಕ್ಕು ಹಿಡಿಯುತ್ತದೆ.

ಆಮೇಲೆ ಬರ್ನರನ್ನು ಬಿಸಿಲಿಗೆ ಹಿಡಿದು ಒಂದೊಂದೇ ತೂತು ನೋಡಿ. ಬೆಳಕು ಕಾಣದ ತೂತಿಗೆ ಸಲೀಸಾಗಿ ಹೋಗುವಷ್ಟು ಸಣ್ಣ ಪಿನ್ನು ಹಾಕಿ ಚುಚ್ಚಿ, ತಿರುವಿ ಕೊರೆಯಬೇಡಿ. ತೂತು ದೊಡ್ಡದಾದರೆ ಗ್ಯಾಸ್ ಹೊರಬರುವ ವೇಗ ಕಡಿಮೆಯಾಗಿ, ಉರಿ ಹಿಮ್ಮುಖವಾಗಿ ಬರ್ನರಿನ ಒಳಗೆ ಇಳಿಯುತ್ತದೆ. "ಟಪ್" ಎಂದು ಸದ್ದಾಗಿ, ಕೆಳಗೆ ಗ್ಯಾಸ್ ಚಿಮ್ಮುವ ಸಣ್ಣ ತಿರುಪಾದ ಜೆಟ್ ಹತ್ತಿರ ಬುಸುಗುಟ್ಟುತ್ತಾ ಉರಿಯುವುದು ಇದೇ ಕಾರಣಕ್ಕೆ. ಹಾಗೆ ಆದ ಕೂಡಲೇ ನಾಬ್ ಬಂದ್ ಮಾಡಿ. ಬಿಟ್ಟರೆ ಬರ್ನರಿನ ಕೆಳಗಿನ ಅಲ್ಯೂಮಿನಿಯಂ ಮಿಕ್ಸಿಂಗ್ ಟ್ಯೂಬ್ ಕರಗಿ ಹೋಗಬಹುದು. ಸವೆದು ತೂತುಗಳು ಒಂದಕ್ಕೊಂದು ಕೂಡಿದ ಬರ್ನರ್, ಅಂಚು ಸೊಟ್ಟಗಾಗಿ ಕೂರದ ಬರ್ನರ್ ಬದಲಿಸಲೇಬೇಕು. ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಳ್ಳಾರಿಯ ಬೆಂಗಳೂರು ರಸ್ತೆ ಇರಲಿ, ರಾಯಚೂರಿನ ತೀನ್ ಕಂದೀಲ್ ಕಡೆ ಇರಲಿ, ಬಾಯಿಮಾತಿನ ಅಳತೆಗೆ ತಂದ ಬರ್ನರ್ ಕೂರುವುದು ಅಪರೂಪ.

ಮಿಕ್ಸಿಂಗ್ ಟ್ಯೂಬನ್ನು ಮರೆಯಬೇಡಿ. ಗ್ಯಾಸೂ ಗಾಳಿಯೂ ಬೆರೆಯುವುದು ಇದರಲ್ಲೇ. ಒಲೆ ಒಂದೆರಡು ತಿಂಗಳು ಮೂಲೆ ಸೇರಿದ್ದರೆ ಒಳಗೆ ಜೇಡರ ಬಲೆ, ಜಿರಲೆ ಮೊಟ್ಟೆ ಇರುತ್ತವೆ. ರೊಟ್ಟಿ ಮನೆಗಳಲ್ಲಿ ಹಿಟ್ಟು ಇರುತ್ತದೆ. ಬಾಟಲಿ ತೊಳೆಯುವ ಸಣ್ಣ ಬ್ರಷ್ ಹಾಕಿ ಎಳೆದು, ಅಲ್ಲಾಡಿಸಿ ಉದುರಿಸಿ. ತೊಳೆದಿದ್ದರೆ ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ.

ಜೆಟ್ ಮತ್ತು ಗಾಳಿ

ಕಾಕ್‌ನ ತುದಿಯಲ್ಲಿ ಬೆರಳ ತುದಿಯಷ್ಟು ಹಿತ್ತಾಳೆ ತಿರುಪು ಇರುತ್ತದೆ. ಅದರ ನಡುವಿನ ತೂತು 1 ಮಿಲಿಮೀಟರಿಗೂ ಕಡಿಮೆ. ಇದೇ ಜೆಟ್. ಒಲೆಯಲ್ಲಿ ಅತಿ ಹೆಚ್ಚು ಹಾಳು ಮಾಡುವುದೂ ಇದನ್ನೇ, ಅದೂ ಸರಿ ಮಾಡುವ ಹೆಸರಿನಲ್ಲಿ. ಹೊಲಿಗೆ ಸೂಜಿ ಹಾಕಿ ತಿರುವಿದರೆ ಮೆದು ಹಿತ್ತಾಳೆ ಸವೆದು ತೂತು ಹಿಗ್ಗುತ್ತದೆ. ಗ್ಯಾಸ್ ಹೆಚ್ಚು ಬರುತ್ತದೆ, ಒಳಸೇರುವ ಗಾಳಿ ಮಾತ್ರ ಅದಕ್ಕೆ ಸಾಲುವುದಿಲ್ಲ. ಉರಿ ಹಳದಿಯಾಗಿ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಪಾನಾ ಹಾಕಿ ಜೆಟ್ ಬಿಚ್ಚಿ, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ ಊದಿ. ದೊಡ್ಡ ಬರ್ನರಿನ ಜೆಟ್, ಸಣ್ಣ ಬರ್ನರಿನ ಜೆಟ್ ಬೇರೆ ಬೇರೆ ಅಳತೆಯವು, ಅದಲುಬದಲಾಗದಂತೆ ಗುರುತು ಹಾಕಿಡಿ. ಈಗಾಗಲೇ ಹಿಗ್ಗಿದ ಜೆಟ್ ಇದ್ದರೆ ಹೊಸದು ಹಾಕಿ, ಒಲೆಯ ಎಲ್ಲ ಭಾಗಗಳಲ್ಲಿ ಅಗ್ಗದ್ದು ಅದು.

ಮನೆಗೆ ಪೈಪ್‌ಲೈನ್ ಗ್ಯಾಸ್ ಬಂದಿದ್ದರೆ ಸಿಲಿಂಡರಿನ ಜೆಟ್ ನಡೆಯುವುದಿಲ್ಲ. ಆ ಗ್ಯಾಸಿನಲ್ಲಿ ಅಷ್ಟೇ ಗಾತ್ರಕ್ಕೆ ಕಡಿಮೆ ಶಾಖ ಇರುವುದರಿಂದ ದೊಡ್ಡ ತೂತಿನ ಜೆಟ್ ಬೇಕು. ಅದನ್ನು ಸಂಪರ್ಕ ಕೊಡುವ ಕಂಪನಿಯ ಮೆಕ್ಯಾನಿಕ್ಕೇ ಬದಲಿಸಬೇಕು.

ಜೆಟ್‌ನ ಎದುರಿಗೆ ಗಾಳಿ ಒಳಹೋಗುವ ಕಿಂಡಿ ಇದೆ. ಕೆಲವು ಒಲೆಗಳಲ್ಲಿ ಅದಕ್ಕೆ ಸರಿಸುವ ತಗಡು ಇರುತ್ತದೆ. ಉರಿ ಹಳದಿಯಾಗಿ ಓಲಾಡಿದರೆ ಗಾಳಿ ಸಾಲದು, ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲಕ್ಕೆದ್ದು ಸುಯ್ಯೆಂದು ಸದ್ದು ಮಾಡಿದರೆ ಗಾಳಿ ಹೆಚ್ಚು, ಸ್ವಲ್ಪ ಮುಚ್ಚಿ. ಒಳಗೆ ತಿಳಿನೀಲಿ ತುದಿಗಳು ಚೂಪಾಗಿ, ಅಲ್ಲಾಡದೆ ನಿಂತರೆ ಸರಿ. ಉಪ್ಪು ಅಥವಾ ಧೂಳು ಬಿದ್ದಾಗ ಉರಿಯಲ್ಲಿ ಕೇಸರಿ ಕಿಡಿ ಕಾಣುವುದುಂಟು. ಅದು ಬೇರೆ, ಅದಕ್ಕಾಗಿ ತಗಡು ತಿರುಗಿಸುತ್ತಾ ಕೂರಬೇಡಿ.

ನಾಬ್ ಬಿಗಿಯಾದಾಗ

ನಾಬ್ ತಿರುಗದೆ ಇಕ್ಕಳ ಹಾಕುವ ಸ್ಥಿತಿ ಬಂದರೆ ಕಾಕ್ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ನಮ್ಮ ಕಡೆಯ ಬೇಸಿಗೆ, ಮೇಲೆ ಹಂಚಿನ ಕಾವು ಎರಡೂ ಸೇರಿ ಅದನ್ನು ಬೇಗ ಒಣಗಿಸುತ್ತವೆ. ನಾಬ್ ಎಳೆದು ತೆಗೆದು, ಮುಂದಿನ ಎರಡು ಸಣ್ಣ ಸ್ಕ್ರೂ ಬಿಚ್ಚಿದರೆ ಸ್ಪ್ರಿಂಗ್, ಅದರ ಹಿಂದೆ ತುದಿ ಕಿರಿದಾದ ಹಿತ್ತಾಳೆ ಗೂಟ ಬರುತ್ತದೆ. ಒಂದು ಕಾಕ್ ಪೂರ್ತಿ ಮುಗಿಸಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಪ್ರತಿ ಗೂಟವನ್ನೂ ಅದರದೇ ಗೂಡಿಗೆ ಸರಿಹೊಂದುವಂತೆ ಅರೆದಿರುತ್ತಾರೆ; ಎಡದ್ದು ಬಲಕ್ಕೆ ಹೋದರೆ ಕಣ್ಣಿಗೆ ಸರಿಯಾಗಿಯೇ ಕಂಡರೂ ಗ್ಯಾಸ್ ಸೋರುತ್ತದೆ.

ಹಳೆ ಗ್ರೀಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಗ್ಯಾಸ್ ಕಾಕ್‌ಗೆಂದೇ ಸಿಗುವ, ಬಿಸಿ ತಾಳುವ ಗ್ರೀಸನ್ನು ಜೋಳದ ಕಾಳಿನಷ್ಟು ತೆಗೆದುಕೊಂಡು ಗೂಟದ ಮೈಗೆ ತೆಳ್ಳಗೆ ಸವರಿ, ಅದರ ತೂತಿಗೆ ತಾಗದಂತೆ ನೋಡಿಕೊಳ್ಳಿ. ಗಾಡಿಗೆ ಹಾಕುವ ಗ್ರೀಸ್, ಅಡುಗೆ ಎಣ್ಣೆ ಬೇಡವೇ ಬೇಡ. ಗ್ರೀಸ್ ಕರಗಿ ಹರಿದು ಜೆಟ್ ಕಟ್ಟುತ್ತದೆ, ಎಣ್ಣೆ ಅಂಟಾಗಿ ಮತ್ತೆ ಬಿಗಿಯುತ್ತದೆ. ಗೂಟದ ಮೇಲೆ ಉಗುರಿಗೆ ತಾಗುವ ಗೀರು ಕಂಡರೆ ಕಾಕ್ ಇಡೀ ಬದಲಿಸಿ. ಇಷ್ಟಕ್ಕೆ ಕೈ ಹೋಗದವರು ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ, ಎದುರಿಗೆ ನಿಂತು ಮಾಡಿಸಿ.

ಪೈಪು, ರೆಗ್ಯುಲೇಟರ್, ಸೋಪಿನ ನೀರು

ರಿಪೇರಿ ಮಾಡಿದ ಒಲೆಗೆ ಹಳೆ ಪೈಪು ಹಾಕಬೇಡಿ. ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಕೇಸರಿ ಸುರಕ್ಷಾ ಪೈಪೇ ಇರಲಿ. ಅದರ ಆಯಸ್ಸು 5 ವರ್ಷ, ದಿನಾಂಕ ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಉದ್ದ 1.5 ಮೀಟರ್ ಮೀರಬಾರದು, ನಡುವೆ ಜೋಡಣೆ ಇರಬಾರದು, ಒಲೆಯ ಕೆಳಗೆ ಹಾದುಹೋಗಬಾರದು. ಭತ್ತದ ಚೀಲ ಇಡುವ ಮನೆಗಳಲ್ಲಿ ಇಲಿ ಕಾಟ ಇದ್ದೇ ಇರುತ್ತದೆ, ತಿಂಗಳಿಗೊಮ್ಮೆ ಪೈಪಿನ ಹಿಂಬದಿಯನ್ನೂ ಬೆರಳಾಡಿಸಿ ನೋಡಿ. ರೆಗ್ಯುಲೇಟರನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಏಜೆನ್ಸಿಯಲ್ಲೇ ಬದಲಿಸಿಕೊಳ್ಳಬೇಕು. ಉರಿ ಸಾಲದೆಂದು ಬಜ್ಜಿ ಬಂಡಿಯ ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರನ್ನು ಮನೆ ಒಲೆಗೆ ಹಾಕುವವರಿದ್ದಾರೆ. ಆ ಒತ್ತಡಕ್ಕೆ ಮನೆ ಒಲೆಯ ಕಾಕ್ ಮಾಡಿದ್ದಲ್ಲ, ಜೀವಕ್ಕೆ ಅಪಾಯ.

ಎಲ್ಲ ಜೋಡಿಸಿದ ಮೇಲೆ ಅರ್ಧ ಲೋಟ ನೀರಿಗೆ ಒಂದು ಚಮಚ ಪಾತ್ರೆ ಸೋಪು ಕಲಸಿ. ನಾಬ್‌ಗಳು ಬಂದ್ ಇರಲಿ, ರೆಗ್ಯುಲೇಟರ್ ಆನ್ ಮಾಡಿ, ಪೈಪಿನ ಎರಡೂ ತುದಿ, ಮುಖ್ಯ ಪೈಪಿನ ಸೇರುವೆಗಳು, ಪ್ರತಿ ಕಾಕ್‌ನ ಸುತ್ತ ಬ್ರಷ್ಷಿನಿಂದ ಹಚ್ಚಿ. ಒಂದೊಂದು ಕಡೆಯೂ ಅರ್ಧ ನಿಮಿಷ ಕಣ್ಣಿಟ್ಟು ನೋಡಿ. ಗುಳ್ಳೆ ಬೆಳೆಯುತ್ತಿದ್ದರೆ ಸೋರಿಕೆ. ಬೆಂಕಿಕಡ್ಡಿ ಹಚ್ಚಿ ಮಾತ್ರ ನೋಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ನೆಲಕ್ಕೆ ಇಳಿದು, ಮೂಗಿಗೆ ವಾಸನೆ ಬರುವ ಮುಂಚೆಯೇ ಕೆಳಗೆ ತುಂಬಿರಬಹುದು. ಕುಂತು ರೊಟ್ಟಿ ಮಾಡುವವರು ಒಲೆಯನ್ನು ನೆಲದ ಮೇಲೆ, ಸಿಲಿಂಡರ್ ಪಕ್ಕದಲ್ಲೇ ಇಡುವುದುಂಟು. ಸೋರಿದ ಗ್ಯಾಸ್ ನೇರ ಉರಿಗೇ ಬರುತ್ತದೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿ, ಕಡಪ ಕಲ್ಲಿನ ಕಟ್ಟೆಯ ಮೇಲಿರಲಿ. ಜೋರು ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಅದೇ ಪಾತ್ರೆ, ಅದೇ 1 ಲೀಟರ್ ನೀರಿನ ಪರೀಕ್ಷೆ ಮತ್ತೆ ಮಾಡಿ. ಇಷ್ಟೆಲ್ಲ ಮಾಡಿಯೂ 7 ನಿಮಿಷವೇ ಆದರೆ ರೆಗ್ಯುಲೇಟರ್ ಬದಲಿಸಿ ನೋಡಿ, ಆಮೇಲೆ ಹೊಸ ಒಲೆಯ ಮಾತು.

ಹೊಸದೇ ಬೇಕಾದರೆ

ಗಾಜಿನ ಒಲೆ ನೋಡಲು ಚೆಂದ, ಒರೆಸಲು ಸುಲಭ. ರೊಟ್ಟಿ ಮನೆಗೆ ಅದು ಸರಿಯಲ್ಲ ಎನ್ನುವುದೇ ನಮ್ಮ ಖಚಿತ ಅಭಿಪ್ರಾಯ. ಅಗಲವಾದ ಹಂಚು ಉರಿಯ ಕಾವನ್ನು ಕೆಳಕ್ಕೆ ಗಾಜಿನ ಮೇಲೆಯೇ ತಳ್ಳುತ್ತದೆ. ಕಾದ ಗಾಜಿನ ಮೇಲೆ ಅರಿವೆಯ ತಣ್ಣೀರು ಬಿದ್ದರೆ ಅಥವಾ ಹಂಚು ಜಾರಿ ಅಂಚಿಗೆ ಬಡಿದರೆ, ಟಫನ್ಡ್ ಗಾಜು ಬಿರುಕು ಬಿಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಸ್ಟೀಲಿನ ಎರಡು ಬರ್ನರ್ ಒಲೆಯನ್ನೇ ಆರಿಸಿ.

ಅಂಗಡಿಗೆ ಹೋಗುವಾಗ ಹಂಚಿನ ಅಡ್ಡಳತೆ ಅಳೆದುಕೊಂಡು ಹೋಗಿ. 12 ಇಂಚಿನ ಹಂಚು ಇಟ್ಟರೆ ಪಕ್ಕದಲ್ಲಿ ಬೇಳೆ ಕುಕ್ಕರ್ ಕೂರುತ್ತದೆಯೇ ಎಂದು ಅಲ್ಲೇ ಅಳತೆ ಹಾಕಿ. ಐಎಸ್ 4246 ಸಂಖ್ಯೆಯ ಐಎಸ್‌ಐ ಗುರುತು ಇರಲೇಬೇಕು. ಆ ಮಾನದಂಡದ ಪ್ರಕಾರ ಒಲೆ ಗ್ಯಾಸಿನ ಶಾಖದಲ್ಲಿ ಕನಿಷ್ಠ 68% ಪಾತ್ರೆಗೆ ಮುಟ್ಟಿಸಬೇಕು. ಮೈಯ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ತಗಡು ಒಳಕ್ಕೆ ಹೋಗಿ ಟಕ್ ಎಂದು ಹಿಂದಿರುಗಿದರೆ ಬೇಡ. ಬರ್ನರ್ ಎತ್ತಿ ತೂಕ ನೋಡಿ, ಅಯಸ್ಕಾಂತ ತಾಗಿಸಿ, ಕೂರಿಸಿ ಅಲ್ಲಾಡಿಸಿ. ಅದೇ ಮಾದರಿಯ ಬರ್ನರ್, ಸ್ಟ್ಯಾಂಡ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ತೋರಿಸಿ ಎನ್ನಿ.

ಹಳೆ ಒಲೆಯನ್ನು ಗುಜರಿಗೆ ಹಾಕುವ ಮುಂಚೆ ಹಿತ್ತಾಳೆ ಬರ್ನರ್, ಜೆಟ್, ಕಾಕ್ ಬಿಚ್ಚಿ ಬೇರೆ ತೂಗಿಸಿ. ಹಿತ್ತಾಳೆಯ ದರವೇ ಬೇರೆ. ಮುಖ್ಯ ಪೈಪನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಪೈಪು ಸಿಕ್ಕಿಸುವ ಮೂತಿ ಮುರಿದು ಕೊಡಿ, ಇನ್ನೊಬ್ಬರ ಮನೆಯಲ್ಲಿ ಅದು ಮತ್ತೆ ಉರಿಯಬಾರದು.