ವಾರ್ಡು ಬಿಟ್ಟು ಹಳ್ಳದ ಜಾಡು ಹಿಡಿದ ಕ್ರಿಯಾಯೋಜನೆ

ಕುಷ್ಟಗಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದಾಗ, ನೆಲ-ಜಲ ಸಂರಕ್ಷಣೆಯ ಕಾಮಗಾರಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ವಿಶ್ವವಿದ್ಯಾಲಯದ ಮಣ್ಣುವಿಜ್ಞಾನ ವಿಭಾಗದವರೊಡನೆ ಕೂಡಿ ನಕ್ಷೆಯ ಮೇಲೆ ನಿರ್ಧರಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅಲ್ಲಿಯವರೆಗೆ ಕ್ರಿಯಾಯೋಜನೆಯು ವಾರ್ಡುವಾರು ತಯಾರಾಗುತ್ತಿತ್ತು. ವಾರ್ಡಿಗೊಂದು ಚೆಕ್ ಡ್ಯಾಮ್, ಕೇಳಿದವರಿಗೆಲ್ಲ ಕೃಷಿ ಹೊಂಡ ಎಂದು ಸದಸ್ಯರು ಬರೆಸುತ್ತಿದ್ದರು.

ನಮಗೆ ಆಧಾರವಾದದ್ದು, ವಿಶ್ವ ಬ್ಯಾಂಕ್ ನೆರವಿನ ಸುಜಲಾ-3 ಯೋಜನೆಯಡಿ ಕೊಪ್ಪಳವೂ ಸೇರಿದಂತೆ 11 ಜಿಲ್ಲೆಗಳ ಆಯ್ದ ಜಲಾನಯನಗಳಿಗೆ ಸಿದ್ಧಪಡಿಸಿದ ಭೂಸಂಪನ್ಮೂಲ ಸಮೀಕ್ಷೆ. 1:7920 ಪ್ರಮಾಣದ ಗ್ರಾಮ ನಕ್ಷೆಯೇ, ಅಂದರೆ ನಕ್ಷೆಯ ಒಂದು ಇಂಚಿಗೆ ನೆಲದ ಮೇಲೆ 660 ಅಡಿ, ಅದಕ್ಕೆ ತಳಹದಿಯಾಗಿರುವುದರಿಂದ ಮಣ್ಣಿನ ಆಳ, ಇಳಿಜಾರು, ಗರಸಿನ (ಸಣ್ಣ ಕಲ್ಲುಚೂರುಗಳ) ಪ್ರಮಾಣ, ಸವಕಳಿ ಇವೆಲ್ಲವನ್ನೂ ಸರ್ವೆ ನಂಬರಿನ ಮಟ್ಟದಲ್ಲಿ ಓದಬಹುದು. ನಮ್ಮ ರೈತರು ಹೊಲವನ್ನು ಗುರುತಿಸುವುದು ಸರ್ವೆ ನಂಬರಿನಿಂದಲೇ ಆದ್ದರಿಂದ, ಗ್ರಾಮಸಭೆಯಲ್ಲಿ ಉಪಗ್ರಹ ಚಿತ್ರಕ್ಕಿಂತ ಈ ನಕ್ಷೆಯೇ ಹೆಚ್ಚು ಉಪಯೋಗಕ್ಕೆ ಬಂತು.

ನಕ್ಷೆಯನ್ನು ಹಿಡಿದುಕೊಂಡು ವಿದ್ಯಾರ್ಥಿಗಳು ಮತ್ತು ಊರಿನ ರೈತರು ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ ನಡೆದರು. ಒಂದು ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ನಕ್ಷೆ 50ರಿಂದ 75 ಸೆಂ.ಮೀ. ಆಳವನ್ನು ತೋರಿಸುತ್ತಿತ್ತು. ಹೊಲದ ಹಿರಿಯರು, ‘ಸರ್, ಇಲ್ಲಿ ನೇಗಿಲು ಇಳಿಸಿದ್ರ ಗೇಣಿನ ಕೆಳಗ ಗರಸು ಹತ್ತತೈತ್ರಿ’ ಎಂದರು. ಹಾರೆ ಹಾಕಿಸಿದಾಗ ಅವರು ಹೇಳಿದಂತೆಯೇ ಆಯಿತು. ಸಮೀಕ್ಷೆಯು ಒಂದೇ ಬಗೆಯ ಮಣ್ಣನ್ನು ಘಟಕವಾಗಿ ಗುಂಪು ಮಾಡುತ್ತದೆ, ಅದರೊಳಗೆ ಇಂಥ ಸಣ್ಣ ತುಣುಕುಗಳು ಉಳಿದೇ ಇರುತ್ತವೆ ಎಂದು ಪ್ರಾಧ್ಯಾಪಕರು ವಿವರಿಸಿ, ಆ ಜಾಗವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಸಿದರು. ಅಂದಿನಿಂದ ರೈತರು ನಕ್ಷೆಯನ್ನು ತಮ್ಮದೆಂಬಂತೆ ತಿದ್ದಲಾರಂಭಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಘಟ್ಟ ಅದೇ.

ಆದ್ಯತೆಯನ್ನು ನೀರು ಹರಿಯುವ ದಿಕ್ಕಿನಲ್ಲಿಯೇ ಇಟ್ಟೆವು: ಮೊದಲು ದಿಣ್ಣೆ, ಕೊನೆಗೆ ಹಳ್ಳ. ಮೇಲಿನ ಮಣ್ಣು ನಿಲ್ಲದೆ ಕೆಳಗೆ ಚೆಕ್ ಡ್ಯಾಮ್ ಕಟ್ಟಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಹೂಳಿನಿಂದ ತುಂಬುತ್ತದೆ. ಮಸಾರಿ ಇಳಿಜಾರಿನಲ್ಲಿ ಸಮಪಾತಳಿ ಒಡ್ಡು, ಅಂದರೆ ಒಂದೇ ಎತ್ತರದ ಗೆರೆಗುಂಟ ಹಾಕುವ ಒಡ್ಡು, ಸರಿಹೋಗುತ್ತದೆ. ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅದೇ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ನೀರು ನಿಂತು ಒಡೆಯುವುದರಿಂದ, ಹೆಚ್ಚುವರಿ ನೀರು ಮೆಲ್ಲಗೆ ಹೊರಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು ಮತ್ತು ಕಲ್ಲಿನ ಕೋಡಿ ಬೇಕು. ಎರಡಕ್ಕೂ ಒಂದೇ ಅಂದಾಜು ಪತ್ರಿಕೆಯನ್ನು ನಕಲು ಮಾಡುವ ಅಭ್ಯಾಸ ಇದರಿಂದ ನಿಂತಿತು. ಮಸಾರಿಯಲ್ಲಿ ತೋಡಿದ ಹೊಂಡದ ನೀರು ಇಂಗಿಹೋಗುವುದರಿಂದ, ಒಣಹವೆಯಲ್ಲಿ ಬೆಳೆ ಉಳಿಸುವ ನೀರಿಗಾಗಿ ಹೊಂಡ ಕೇಳಿದವರಿಗೆ ಪ್ಲಾಸ್ಟಿಕ್ ಹೊದಿಕೆಯ ಖರ್ಚನ್ನು ಮೊದಲೇ ತಿಳಿಸಿದೆವು.

ಗ್ರಾಮಸಭೆಯಲ್ಲಿ ಹಿಂದೆ ಕೂರುವ ಮಹಿಳೆಯರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿದಾಗ, ಅವರು ಹೊಂಡ, ಒಡ್ಡುಗಳಿಗಿಂತ ಮೇಲೆ ಇಟ್ಟದ್ದು ಗಾಯರಾಣದ (ಊರಿನ ದನ ಮೇಯುವ ಸಾರ್ವಜನಿಕ ಜಾಗದ) ಮೇವನ್ನು. ಪುರುಷರ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

ತಗ್ಗಿನ ವಾರ್ಡಿನ ಸದಸ್ಯರು, ತಮ್ಮ ಜನರಿಗೆ ಈ ವರ್ಷ ಏನೂ ಇಲ್ಲವಲ್ಲ ಎಂದು ತಕರಾರು ತೆಗೆದರು. ಕೊಪ್ಪಳದ ಗವಿಮಠದ ಶ್ರೀಗಳ ನೇತೃತ್ವದಲ್ಲಿ 2019ರಲ್ಲಿ ಹಿರೇಹಳ್ಳದ ಪುನಶ್ಚೇತನ ನಡೆದ ಮೇಲೆ ಹಳ್ಳವೆಂದರೆ ಕಸ ಎಸೆಯುವ ಜಾಗವೆಂಬ ಭಾವನೆ ಈ ಭಾಗದಲ್ಲಿ ಕಡಿಮೆಯಾಗಿತ್ತು. ಆದ್ದರಿಂದ ದಿಣ್ಣೆಯ ಒಡ್ಡಿನಲ್ಲಿ ಇಂಗಿದ ನೀರು ತಗ್ಗಿನಲ್ಲಿರುವ ಅವರ ಬಾವಿಗೇ ಎಂಬುದನ್ನು ಒಪ್ಪಿಸುವುದು ಅಷ್ಟು ಕಷ್ಟವಾಗಲಿಲ್ಲ. ಅಧಿಕಾರಿಗಳು ವರ್ಗವಾಗುತ್ತಾರೆ, ವಿದ್ಯಾರ್ಥಿಗಳ ತಂಡ ಬದಲಾಗುತ್ತದೆ ಎಂಬ ಕಾರಣಕ್ಕೆ ಕಾಮಗಾರಿಗಳ ಅನುಕ್ರಮವನ್ನು ಸರ್ವೆ ನಂಬರುಗಳ ಸಮೇತ ಠರಾವು ಪುಸ್ತಕದಲ್ಲಿ ಬರೆಸಿ, ತಿದ್ದಿದ ನಕ್ಷೆಯನ್ನು ಪಂಚಾಯಿತಿಯ ಗೋಡೆಗೆ ಹಾಕಿಸಿದೆವು. ಗಾಯರಾಣದ ಕೆಲಸ ಮಾತ್ರ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಆಗುವವರೆಗೆ ಕಾಯಬೇಕಾಯಿತು. ಒತ್ತುವರಿ ಎಷ್ಟೆಂಬುದು ಅಳತೆಯಾಗದೆ ಅಲ್ಲಿ ಹುಲ್ಲು ಬೀಜ ಚೆಲ್ಲಲು ಯಾರೂ ಒಪ್ಪಲಿಲ್ಲ.