ಹೊಸಬರ ಪೈಥಾನ್ ಕ್ಲಾಸನ್ನು ತಿದ್ದುವ ಮೊದಲು ಎರಡು ಆಬ್ಜೆಕ್ಟ್ ಮಾಡಿ ನೋಡಿ

ಕೋಲಾರದ ಸುತ್ತಮುತ್ತ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು ಪ್ರಾಜೆಕ್ಟಿಗೆ ಎಪಿಎಂಸಿಯ ಟೊಮೆಟೊ ಲೆಕ್ಕವನ್ನು ಆರಿಸಿಕೊಳ್ಳುವುದು ಸಹಜ. 15 ಕೆ.ಜಿ.ಯ ಬಾಕ್ಸು, ಬೆಳಗಿನ ಹರಾಜು, ಮಂಡಿಯವರು ಕೊಡುವ ಚೀಟಿ ಇವೆಲ್ಲ ಅವರು ಚಿಕ್ಕಂದಿನಿಂದ ಕಂಡವು. ಅಂಥ ಒಬ್ಬ ವಿದ್ಯಾರ್ಥಿನಿ ಪೈಥಾನ್ ಭಾಷೆಯಲ್ಲಿ ಬರೆದು ತಂದ ‘ರೈತ’ ಎಂಬ ಕ್ಲಾಸನ್ನು (ಒಂದೇ ಬಗೆಯ ಆಬ್ಜೆಕ್ಟುಗಳನ್ನು ಮಾಡುವ ಅಚ್ಚನ್ನು) ಮುಂದಿಟ್ಟುಕೊಂಡು, ಹೊಸಬರ ಕೋಡನ್ನು ಓದಿ ಸಲಹೆ ಕೊಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕೋಡನ್ನು ಓಡಿಸಿ, ಆಮೇಲೆ ಓದಿ. ಹೊಸಬರು ಸಾಮಾನ್ಯವಾಗಿ ಆ ಅಚ್ಚಿನಿಂದ ಒಂದೇ ಒಂದು ಆಬ್ಜೆಕ್ಟ್, ಇಲ್ಲಿ ಒಬ್ಬನೇ ರೈತನನ್ನು, ಮಾಡಿ, ಉತ್ತರ ಸರಿ ಬಂದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಪ್ರತಿಯೊಂದು ಆಬ್ಜೆಕ್ಟಿಗೂ ತನ್ನದೇ ಆದ ಮಾಹಿತಿ ಇರಬೇಕೆಂಬುದೇ ಕ್ಲಾಸಿನ ತಿರುಳಾಗಿರುವಾಗ, ಒಂದೇ ಆಬ್ಜೆಕ್ಟಿನಿಂದ ಆ ತಿರುಳು ಪರೀಕ್ಷೆಗೇ ಒಳಗಾಗುವುದಿಲ್ಲ. ಆದ್ದರಿಂದ ನಾನು ಯಾವ ಟೀಕೆಯನ್ನೂ ಬರೆಯುವ ಮುನ್ನ ಎರಡನೆಯ ಆಬ್ಜೆಕ್ಟ್ ಮಾಡಿ ನೋಡುತ್ತೇನೆ.

ಈ ವಿದ್ಯಾರ್ಥಿನಿಯ ಕೋಡಿನಲ್ಲಿಯೂ ತಪ್ಪು ಹೊರಬಿದ್ದದ್ದು ಹಾಗೆಯೇ. ಶ್ರೀನಿವಾಸಪುರದ ರೈತನ ಹೆಸರಿಗೆ 40 ಬಾಕ್ಸುಗಳ ಒಂದು ಲಾಟ್ (ಹರಾಜಿಗೆ ತಂದ ಮಾಲು) ಸೇರಿಸಿ, ಬಳಿಕ ಮಾಲೂರಿನ ರೈತನೊಬ್ಬನನ್ನು ಹೊಸದಾಗಿ ಸೃಷ್ಟಿಸಿ ಅವನ ಚೀಟಿಯನ್ನು ಮುದ್ರಿಸಿದರೆ, ಏನನ್ನೂ ತಾರದ ಅವನ ಲೆಕ್ಕದಲ್ಲಿಯೂ ಅದೇ 40 ಬಾಕ್ಸುಗಳು ಕಾಣಿಸಿದವು. ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಇನಿಟ್ ಮೆಥಡ್ಡಿನ ಆವರಣದೊಳಗೆ ‘ಲಾಟುಗಳು’ ಎಂಬ ಪ್ಯಾರಾಮೀಟರಿಗೆ (ಹೊರಗಿನಿಂದ ಬರುವ ಮಾಹಿತಿಯ ಹೆಸರಿಗೆ) ಖಾಲಿ ಲಿಸ್ಟನ್ನು (ಪಟ್ಟಿಯನ್ನು) ಡೀಫಾಲ್ಟ್ ಮೌಲ್ಯವಾಗಿ, ಅಂದರೆ ಏನೂ ಕೊಡದಿದ್ದಾಗ ಬಳಸುವ ಮೌಲ್ಯವಾಗಿ, ಕೊಟ್ಟಿದ್ದೇ ಇದಕ್ಕೆ ಕಾರಣ. ಪೈಥಾನ್ ಡೀಫಾಲ್ಟ್ ಮೌಲ್ಯವನ್ನು ಪ್ರತಿ ಕರೆಗೂ ಹೊಸದಾಗಿ ರಚಿಸುವುದಿಲ್ಲ. ಫಂಕ್ಷನ್ನಿನ (ಇಲ್ಲಿ ಇನಿಟ್‌ನ) ವ್ಯಾಖ್ಯೆ ಜಾರಿಯಾಗುವಾಗ ಒಮ್ಮೆ ಮಾತ್ರ ರಚಿಸಿ, ಮುಂದೆ ಅದನ್ನೇ ಎಲ್ಲರಿಗೂ ಕೊಡುತ್ತದೆ. ಲಿಸ್ಟನ್ನು ಇನಿಟ್‌ನ ಹೊರಗೆ, ಕ್ಲಾಸಿನ ಮಟ್ಟದಲ್ಲಿ ಬರೆದು ಅದಕ್ಕೆ ಲಾಟುಗಳನ್ನು ಸೇರಿಸುತ್ತ ಹೋದರೂ ಇದೇ ಅವಸ್ಥೆ.

ಇದನ್ನು ಹೇಳುವ ರೀತಿ ಮುಖ್ಯ. ‘ಇಲ್ಲಿ ಲಿಸ್ಟ್ ಕೊಡಬಾರದು’ ಎಂದಷ್ಟೇ ಬರೆದರೆ ಅವಳು ಆ ಸಾಲನ್ನು ಬದಲಿಸುತ್ತಾಳೆ, ಕಾರಣ ಮಾತ್ರ ತಿಳಿಯುವುದಿಲ್ಲ. ಅದಕ್ಕೆ ಬದಲಾಗಿ ನಾನು ಕೇಳಿದ್ದು ಇಷ್ಟು: ‘ಓಡಿಸುವ ಮೊದಲು ಹೇಳಮ್ಮ, ಮಾಲೂರಿನವರ ಚೀಟಿಯಲ್ಲಿ ಎಷ್ಟು ಬಾಕ್ಸು ಇರಬೇಕು?’ ಅವಳು ಸೊನ್ನೆ ಎಂದಳು. ಪರದೆಯ ಮೇಲೆ 40 ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಗ ಎರಡೂ ಲಿಸ್ಟುಗಳನ್ನು, ಆಬ್ಜೆಕ್ಟಿನ ಗುರುತಿನ ಸಂಖ್ಯೆ ಕೊಡುವ ಐಡಿ ಫಂಕ್ಷನ್ನಿಗೆ ಕೊಟ್ಟು ನೋಡಲು ಹೇಳಿದೆ. ಒಂದೇ ಸಂಖ್ಯೆ ಎರಡು ಸಲ ಮುದ್ರಣವಾದ ಮೇಲೆ, ಖಾಲಿ ಲಿಸ್ಟನ್ನು ಇನಿಟ್‌ನ ಒಳಗೇ ಸೃಷ್ಟಿಸಿ, ಆಯಾ ಆಬ್ಜೆಕ್ಟನ್ನೇ ಸೂಚಿಸುವ ಸೆಲ್ಫ್‌ಗೆ ಜೋಡಿಸಬೇಕೆಂಬುದನ್ನು ಅವಳೇ ಕಂಡುಕೊಂಡಳು. ಅಷ್ಟು ಹೊತ್ತು ಕೀಬೋರ್ಡ್ ಅವಳ ಕೈಯಲ್ಲೇ ಇರಬೇಕು, ನೀವು ಎಳೆದುಕೊಳ್ಳಬಾರದು.

ಎರಡನೆಯದಾಗಿ ಇನ್ಹೆರಿಟೆನ್ಸ್ ಅನ್ನು, ಅಂದರೆ ಒಂದು ಕ್ಲಾಸನ್ನು ಇನ್ನೊಂದರಿಂದ ಪಡೆಯುವುದನ್ನು, ನೋಡಿ. ಹೆಸರು ಮತ್ತು ಊರು ಎರಡರಲ್ಲಿಯೂ ಇವೆಯೆಂಬ ಕಾರಣಕ್ಕೆ ಅವಳು ‘ಮಂಡಿ’ ಕ್ಲಾಸನ್ನು ‘ರೈತ’ ಕ್ಲಾಸಿನಿಂದ ಪಡೆದಿದ್ದಳು. ಇಲ್ಲಿ ಸಿದ್ಧಾಂತ ಬೇಕಿಲ್ಲ. ‘ಮಂಡಿಯೂ ಒಬ್ಬ ರೈತನೇ?’ ಎಂದು ಕೇಳಿದರೆ, ಮಾರುಕಟ್ಟೆಯನ್ನು ಕಂಡ ಮಗು ನಕ್ಕು ಅಲ್ಲವೆನ್ನುತ್ತದೆ. ಮಂಡಿಗೆ ರೈತರು ಲಾಟ್ ತರುತ್ತಾರೆ. ಆದ್ದರಿಂದ ಮಂಡಿಯು ಲಾಟುಗಳ ಲಿಸ್ಟನ್ನು ಇಟ್ಟುಕೊಂಡರೆ ಸಾಕು.

ಹಣದ ಲೆಕ್ಕವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಪೈಥಾನ್ 0.1 ಮತ್ತು 0.2 ಅನ್ನು ಕೂಡಿಸಿ 0.30000000000000004 ಎಂದು ತೋರಿಸುವುದನ್ನು ಮಕ್ಕಳೇ ಓಡಿಸಿ ನೋಡಲಿ; ದಶಮಾಂಶ ಸಂಖ್ಯೆಗಳು ಅಲ್ಲಿ ಅಂದಾಜಾಗಿ ಮಾತ್ರ ಉಳಿಯುತ್ತವೆ. ಪೈಸೆಯನ್ನು ಪೂರ್ಣಾಂಕವಾಗಿ ಇಡುವುದು ಅಥವಾ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಬಳಸುವುದು ಅದಕ್ಕೆ ಪರಿಹಾರ. ಜಾವಾ ಭಾಷೆ ಕಲಿತು ಬಂದವರು ಪ್ರತಿ ಮಾಹಿತಿಗೂ ಅದನ್ನು ಓದುವ, ಬದಲಿಸುವ ಮೆಥಡ್ಡುಗಳಾದ ಗೆಟ್ಟರ್, ಸೆಟ್ಟರ್ ಬರೆಯುತ್ತಾರೆ. ಪೈಥಾನಿನಲ್ಲಿ ನೇರವಾಗಿ ಓದಿದರಾಯಿತು, ಮೌಲ್ಯದ ತಪಾಸಣೆ ಬೇಕಾದಾಗ ಪ್ರಾಪರ್ಟಿ ಎಂಬ ಸೌಲಭ್ಯ ಇದೆ. ಹೆಸರುಗಳ ಶೈಲಿ, ಸಾಲಿನ ಉದ್ದ ಇತ್ಯಾದಿಗಳಿಗೆ 2001ರಿಂದಲೂ ಪೆಪ್ 8 ಎಂಬ ಮಾರ್ಗಸೂಚಿ ಇದೆ; ಅದನ್ನು ತೋರಿಸಿ ಬಿಟ್ಟುಬಿಡಿ, ಅದಕ್ಕಾಗಿ ಕೋಡಿನ ತುಂಬ ಕೆಂಪು ಗುರುತು ಹಾಕಬೇಡಿ.

ಬರಹದಲ್ಲಿ ಸಲಹೆ ಕೊಡುವಾಗ ಒಂದು ಸಲಕ್ಕೆ ಎರಡು ಅಥವಾ ಮೂರು ವಿಷಯಗಳು ಸಾಕು. ಸಾಲಿನ ಸಂಖ್ಯೆ, ಅಲ್ಲಿ ಆಗುತ್ತಿರುವುದು, ಆಗಬೇಕಾದದ್ದು ಇಷ್ಟನ್ನು ಬರೆಯಿರಿ. ಚೆನ್ನಾಗಿರುವುದನ್ನೂ ಇಂಥದ್ದೇ ಎಂದು ತೋರಿಸಿ: ಇವಳು ಬಾಕ್ಸಿನ ತೂಕವನ್ನು ಒಂದೇ ಕಡೆ ಹೆಸರು ಕೊಟ್ಟು ಇಟ್ಟಿದ್ದಳು, ಹೀಗಾಗಿ ತೂಕ ಬದಲಾದರೆ ಒಂದು ಸಾಲನ್ನು ತಿದ್ದಿದರೆ ಸಾಕಿತ್ತು. ಇಡೀ ಕ್ಲಾಸನ್ನು ನೀವೇ ಚಂದವಾಗಿ ಬರೆದು ಕೊಡಬೇಡಿ, ಅದು ನಿಮ್ಮ ಕೋಡ್ ಆಗುತ್ತದೆ. ತಿದ್ದಿ ತರುವಾಗ ಮೂವರು ರೈತರನ್ನು ಸೃಷ್ಟಿಸಿ, ಪ್ರತಿಯೊಬ್ಬರ ಚೀಟಿಯಲ್ಲಿ ಏನು ಬರಬೇಕೆಂಬುದನ್ನು ಓಡಿಸುವ ಮೊದಲೇ ಕಾಗದದಲ್ಲಿ ಬರೆದು ತರಲು ಹೇಳಿ.