ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ, ಅವಧಿ ಲೆಕ್ಕ ಹಾಕುವುದು ಹೇಗೆ?

ದೂರದ ವಿಮಾನಯಾನದ ಲೆಕ್ಕ ಹಾಕುವವರಲ್ಲಿ ಹೆಚ್ಚಿನವರು ಎಡವುವುದು ಗಡಿಯಾರದ ಹಂತದಲ್ಲಿ. ಆದ್ದರಿಂದ ಉಳಿದ ಹಂತಗಳನ್ನು ಬೇಗ ಮುಗಿಸಿ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಉದಾಹರಣೆಗೆ, 2021ರ ಜನವರಿಯಲ್ಲಿ ಏರ್ ಇಂಡಿಯಾ ತಡೆರಹಿತ ಹಾರಾಟ ಆರಂಭಿಸಿದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗವನ್ನೇ ತೆಗೆದುಕೊಳ್ಳೋಣ.

1. ಸ್ಥಾನ: ಕೆಂಪೇಗೌಡ ನಿಲ್ದಾಣವಿರುವುದು 13.2 ಡಿಗ್ರಿ ಉತ್ತರ, 77.7 ಪೂರ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಉತ್ತರ, 122.4 ಪಶ್ಚಿಮದಲ್ಲಿ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕಲು ಮರೆತರೆ ನಿಮ್ಮ ವಿಮಾನ ಚೀನಾದ ಶಾಂಡೊಂಗ್ ಕರಾವಳಿಯಾಚೆ ಸಮುದ್ರಕ್ಕೆ ಇಳಿಯುತ್ತದೆ, ದೂರವೂ 5,200 ಕಿ.ಮೀ. ಎಂದೇ ಬರುತ್ತದೆ.

2. ದೂರ: ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ. ಗ್ಲೋಬಿನ ಮೇಲೆ ದಾರ ಬಿಗಿದರೆ ಅದು ಟಿಬೆಟ್ ದಾಟಿ, ಪೂರ್ವ ಸೈಬೀರಿಯದ ಉತ್ತರ ಕರಾವಳಿಯವರೆಗೆ ಏರಿ, ಅಲಾಸ್ಕದ ಮೂಲಕ ಇಳಿಯುತ್ತದೆ. ಈ ಮಹಾವೃತ್ತದ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿಯ, ದೂರ ಸುಮಾರು 14,000 ಕಿ.ಮೀ. ವಿಮಾನ ಹಾರುವ ದಾರಿ ಇದಕ್ಕಿಂತ ಉದ್ದ: ಕ್ಯಾಬಿನ್ನಿನ ಒತ್ತಡ ಕುಸಿದರೆ ಸುಮಾರು 3,000 ಮೀಟರಿಗೆ ಇಳಿಯಬೇಕಾಗುವುದರಿಂದ, ಅದಕ್ಕಿಂತ ಎತ್ತರದಲ್ಲಿರುವ ಟಿಬೆಟ್ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಸುತ್ತುಹಾಕಿಕೊಂಡು ಹೋಗುತ್ತಾರೆ.

3. ಅವಧಿ: ದೂರವನ್ನು ವಿಮಾನದ ವೇಗದಿಂದ, ಅಂದರೆ ಗಂಟೆಗೆ ಸುಮಾರು 900 ಕಿ.ಮೀ.ನಿಂದ, ಭಾಗಿಸಿ, ಏರಿ ಇಳಿಯುವುದಕ್ಕೆಂದು ಅರ್ಧ ಗಂಟೆ ಸೇರಿಸಿದರೆ ಸುಮಾರು 16 ಗಂಟೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಇದನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಿಮಿಷದವರೆಗೆ ಅವಧಿ ಹೇಳುವ ಉಚಿತ ಜಾಲತಾಣಗಳು ಬಹುಮಟ್ಟಿಗೆ ಇದೇ ಭಾಗಾಕಾರವನ್ನಷ್ಟೇ ಮಾಡುತ್ತವೆ; ಅವುಗಳನ್ನು ನಂಬಿ ಮುಂದಿನ ವಿಮಾನದ ಟಿಕೆಟ್ ಕಾಯ್ದಿರಿಸಬೇಡಿ.

4. ಗಡಿಯಾರ: ಟಿಕೆಟ್ಟಿನ ಎರಡೂ ವೇಳೆಗಳು ಆಯಾ ಊರಿನವು, ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯುವುದು ತಪ್ಪು. ಮೊದಲು ಪ್ರಯಾಣವನ್ನೆಲ್ಲ ಭಾರತೀಯ ಕಾಲಮಾನದಲ್ಲೇ ಮುಗಿಸಿ, ಆಮೇಲೆ ಬದಲಾಯಿಸಿ. ಶನಿವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ, 16 ಗಂಟೆಯ ನಂತರ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 6. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಇನ್ನೂ ಶನಿವಾರ ಸಂಜೆ 4.30. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ಹನ್ನೆರಡೂವರೆ ಗಂಟೆ ಕಳೆಯಬೇಕು.

ಮರಳುವಾಗಿನ ಲೆಕ್ಕ ಇನ್ನೂ ಕಷ್ಟ. ಚಳಿಗಾಲದ ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಎದುರು ಗಾಳಿಯಲ್ಲಿ 17 ಗಂಟೆ ಹಿಡಿದರೆ ಇಳಿಯುವುದು ಸೋಮವಾರ ಬೆಳಗಿನ ಜಾವ 3ಕ್ಕೆ. ಟಿಕೆಟ್ಟಿನಲ್ಲಿ ವೇಳೆಯ ಪಕ್ಕ ಚಿಕ್ಕದಾಗಿ ಅಚ್ಚಾಗಿರುವ ‘+2’ ಇದನ್ನೇ ಹೇಳುತ್ತದೆ. ಕರೆದುಕೊಂಡು ಬರಲು ಮನೆ ಬಿಡಬೇಕಾದುದು ಭಾನುವಾರ ರಾತ್ರಿ. ಸೋಮವಾರ ರಾತ್ರಿಗೆ ಟ್ಯಾಕ್ಸಿ ಗೊತ್ತುಮಾಡಿ ಕುಳಿತವರನ್ನು ನೋಡಿದ್ದೇನೆ.

5. ಮಧ್ಯೆ ವಿಮಾನ ಬದಲಿಸುವುದಾದರೆ: ಎರಡು ತುಂಡುಗಳನ್ನು ಬೇರೆಬೇರೆಯಾಗಿ ಅಳೆದು ಕೂಡಿಸಿ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550 ಕಿ.ಮೀ. ಜೊತೆಗೆ ಕಾಯುವ ವೇಳೆಯನ್ನೂ ಸೇರಿಸಿ. ಎರಡು ಗಂಟೆಗಿಂತ ಕಡಿಮೆ ಅಂತರವಿರುವ ಟಿಕೆಟ್ ಅಗ್ಗವಾಗಿ ಸಿಕ್ಕರೂ, ವಯಸ್ಸಾದವರಿಗೆ ಅದನ್ನು ಕೊಳ್ಳಲೇಬೇಡಿ.